‘ನಡೀತದ’ ಅಂತ ಬಿಟ್ಟ ಒಂದು ಬೋಲ್ಟು

ಯಾವುದಾದರೂ ಹಳೆಯ ಬೈಕಿನ ಗೇರ್ ಲಿವರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ನೋಡಿ. ಲಿವರಿನ ಜೊತೆಗೇ ಅದು ಕೂತಿರುವ ಶಾಫ್ಟೂ ಅಲುಗಿದರೆ ಸರಿ. ಲಿವರ್ ಮಾತ್ರ ಟಿಕ್ ಟಿಕ್ ಎಂದು ಆಡಿ ಶಾಫ್ಟು ಸುಮ್ಮನಿದ್ದರೆ ಆ ಬೈಕಿನವರಿಗೆ ಅಂದೇ ಹೇಳಿಬಿಡಿ. ನಮ್ಮ ಕಾಲೇಜಿನ ಸ್ಟ್ಯಾಂಡಿನಲ್ಲಿ ನಾನು ಹೀಗೆ ಕೇಳಿಕೊಂಡು ನೋಡಿದ ಬೈಕುಗಳಲ್ಲಿ ಟಿಕ್ ಟಿಕ್ ಅಂದವು ಕಡಿಮೆಯೇನಿರಲಿಲ್ಲ. ಹೇಳಿದಾಗ ಬಂದ ಉತ್ತರ ಮಾತ್ರ ಒಂದೇ: “ನಡೀತದ ಬಿಡು.” ಮನೆಯಲ್ಲಿ ದಖ್ಖನಿ ಮಾತಾಡುವ ನಾವು ಇದನ್ನೇ “ಚಲ್ತಾ” ಅನ್ನುತ್ತೇವೆ. ಭಾಷೆ ಬೇರೆ, ಬೋಲ್ಟು ಒಂದೇ.

ಈ ಸಲದ ಸಂಚಿಕೆಗೆ ಬೋಲ್ಟಿನ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳತಿಯೊಬ್ಬಳು ನಕ್ಕಳು. ಬೈಕ್ ಓಡಿಸಲೂ ಬಾರದ ಹುಡುಗಿಗೆ ಬೋಲ್ಟಿನ ಉಸಾಬರಿ ಯಾಕೆ ಎಂಬುದು ಅವಳ ಪ್ರಶ್ನೆ. ಅವಳ ಮಾತು ನಿಜ, ನನಗಿನ್ನೂ 17. ಗೇರ್ ಇರುವ ಬೈಕ್ ಓಡಿಸಲು 18 ತುಂಬಿರಬೇಕು, ಲೈಸೆನ್ಸ್ ಇರಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ನಮ್ಮ ವಯಸ್ಸಿನವರು ಓಡಿಸಿ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ ಬೀಳುವುದು ಪೋಷಕರ ಅಥವಾ ಗಾಡಿ ಮಾಲೀಕರ ತಲೆಗೆ. ಆದರೆ ಲೈಸೆನ್ಸ್ ಬೇಕಾಗುವುದು ಓಡಿಸಲು, ಪಾನಾ ಹಿಡಿಯಲು ಅಲ್ಲ. ಬೈಕಿನ ಮೇಲೆ ನಾವು ಕೂರುತ್ತೇವೆ, ನಮ್ಮ ಮನೆ ಅದರ ಮೇಲೆ ನಡೆಯುತ್ತದೆ. ಅದರ ನಾಲ್ಕು ಬೋಲ್ಟು ನೋಡುವ ಹಕ್ಕು ನಮಗಿಲ್ಲವೆ?

ನಮ್ಮ ಮನೆ ಮಾನ್ವಿಯಲ್ಲಿ. ಅಬ್ಬಾ ವಾರದ ಸಂತೆಗಳಲ್ಲಿ ಮಕ್ಕಳ ರೆಡಿಮೇಡ್ ಬಟ್ಟೆ ಮಾರುತ್ತಾರೆ. ನೂರು ಸಿಸಿಯ ಬೈಕು, ಹಿಂದಿನ ಸೀಟಿನ ಮೇಲೆ ಎರಡು ದೊಡ್ಡ ಗಂಟು, ಟ್ಯಾಂಕಿನ ಮೇಲೆ ಒಂದು ಸಣ್ಣದು. ಒಂದು ದಿನ ಗಬ್ಬೂರು, ಇನ್ನೊಂದು ದಿನ ದೇವದುರ್ಗದ ಕಡೆ, ಮತ್ತೊಂದು ದಿನ ರಾಯಚೂರಿಗೆ ಬಂದು ಮಾಲು ತುಂಬಿಕೊಂಡು ಹೋಗುವುದು. ಎರಡು ವರ್ಷದ ಹಿಂದೆ ಚೈನ್ ಸೆಟ್ ಬದಲಿಸಿದರು. ಚೈನ್ ಸೆಟ್ ಅಂದರೆ ಚೈನು, ಮುಂದಿನ ಸಣ್ಣ ಸ್ಪ್ರಾಕೆಟ್, ಹಿಂದಿನ ದೊಡ್ಡ ಸ್ಪ್ರಾಕೆಟ್ ಮೂರೂ. ಮುಂದಿನ ಸ್ಪ್ರಾಕೆಟ್ಟನ್ನು ಅಲುಗದಂತೆ ಹಿಡಿಯುವುದು ಒಂದು ಸಣ್ಣ ಲಾಕ್ ಪ್ಲೇಟು, ಆ ಪ್ಲೇಟಿಗೆ ಎರಡು ಬೋಲ್ಟು. ಅವುಗಳಲ್ಲಿ ಒಂದರ ಎಳೆ ಹೋಗಿತ್ತು. ಗ್ಯಾರೇಜಿನವರು ಒಂದೇ ಬೋಲ್ಟು ಹಾಕಿ “ಇನ್ನೊಂದಿಲ್ಲದಿದ್ರೂ ನಡೀತದ” ಅಂದರು. ಯಾವ ಗ್ಯಾರೇಜು ಎಂದು ನಾನು ಬರೆಯುವುದಿಲ್ಲ. ಯಾಕೆಂದರೆ ಆ ಮಾತಿಗೆ ತಲೆಯಾಡಿಸಿ ಗಾಡಿ ತಂದವರು ಅಬ್ಬಾ. ಅಲ್ಲದೆ ಇದರಲ್ಲಿ ನನ್ನ ತಪ್ಪೂ ಇದೆ.

ರಜೆಗೆ ಊರಿಗೆ ಹೋದಾಗ ಬೈಕ್ ತೊಳೆಯುವುದು ನನ್ನ ಕೆಲಸ. ಸ್ಪ್ರಾಕೆಟ್ಟಿನ ಕವರ್ ಬಿಚ್ಚಿ, ಗ್ರೀಸ್ ಜೊತೆ ಕಲಸಿ ಹೆಂಟೆಯಾಗಿರುತ್ತಿದ್ದ ಎರೆಮಣ್ಣನ್ನು ಕಡ್ಡಿಯಲ್ಲಿ ಕೆರೆದು ತೆಗೆಯುತ್ತಿದ್ದೆ. ಆಗ ಆ ಖಾಲಿ ತೂತು ನೋಡಿದ್ದೆ. ಅದು ಇರುವುದೇ ಹಾಗೆ ಅಂದುಕೊಂಡೆ. ಸ್ಪ್ರಾಕೆಟ್ಟಿನ ನಡುವೆ, ಶಾಫ್ಟಿನ ಸುತ್ತ, ಇಟ್ಟಿಗೆ ಪುಡಿಯಂಥ ಕೆಂಪು ಪುಡಿ ಇರುತ್ತಿತ್ತು. ತುಕ್ಕು ಎಂದುಕೊಂಡು ಬಟ್ಟೆಯಲ್ಲಿ ಒರೆಸಿ, ತಿಕ್ಕಿ, ಲಕಲಕ ಮಾಡಿ ಕವರ್ ಮುಚ್ಚುತ್ತಿದ್ದೆ. ಬೈಕು ಹೇಳುತ್ತಿದ್ದುದನ್ನು ನಾನೇ ಪ್ರತಿ ಸಲ ಒರೆಸಿ ಹಾಕಿದೆ.

ರಮ್ಜಾನ್ ಹಬ್ಬಕ್ಕೆ ಹತ್ತು ದಿನ ಇರುವಾಗ, ಮಕ್ಕಳ ಬಟ್ಟೆ ಮಾರುವವರಿಗೆ ವರ್ಷದ ಬೆಳೆ ಕೈಗೆ ಬರುವ ಹೊತ್ತಿನಲ್ಲಿ, ಅಬ್ಬಾ ದೇವದುರ್ಗದ ದಾರಿಯಲ್ಲಿ ನಿಂತುಬಿಟ್ಟರು. ಎಂಜಿನ್ ಚಾಲೂ ಇದೆ, ಗೇರ್ ಬೀಳುತ್ತದೆ, ಎಕ್ಸಲೇಟರ್ ಕೊಟ್ಟರೆ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಉಳಿದಿದ್ದ ಒಂದು ಬೋಲ್ಟೂ ಎಲ್ಲೋ ದಾರಿಯಲ್ಲಿ ಉದುರಿ, ಪ್ಲೇಟು ಬಿದ್ದು, ಸ್ಪ್ರಾಕೆಟ್ ಶಾಫ್ಟಿನ ತುದಿಗೆ ಸರಿದು, ಅರ್ಧ ಹಲ್ಲಿನ ಮೇಲೆ ಎಷ್ಟು ದಿನ ಓಡಿತ್ತೋ ಏನೋ. ಕೊನೆಗೆ ಆ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಟಾಟಾ ಏಸಿನಲ್ಲಿ ಹಾಕಿ ರಾಯಚೂರಿಗೆ ತಂದರು. ಇಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮ ಚಾಚಾನ ಮಗ, ನಾನು ಭಾಯಿಜಾನ್ ಎನ್ನುವವರು, ಕವರ್ ತೆಗೆದು ಬೆರಳಿಂದ ಒಮ್ಮೆ ಶಾಫ್ಟು ಸವರಿ, “ಎಂಜಿನ್ ಒಡೀಬೇಕು” ಅಂದರು. ಔಟ್‌ಪುಟ್ ಶಾಫ್ಟು ಗೇರ್‌ಬಾಕ್ಸಿನ ಒಳಗಿನಿಂದ ಬರುವಂಥದ್ದು. ಅದನ್ನು ಬದಲಿಸಲು ಎಂಜಿನನ್ನೇ ಕೆಳಗಿಳಿಸಿ ಎರಡು ಹೋಳು ಮಾಡಬೇಕು. ಶಾಫ್ಟು ಬರಲು ನಾಲ್ಕು ದಿನ, ಜೋಡಿಸಲು ಎರಡು ದಿನ. ಆರು ಸಾವಿರದ ಮೇಲೆ ಖರ್ಚು. ತಪ್ಪಿದ ಸಂತೆಗಳ ಲೆಕ್ಕ ಅಬ್ಬಾ ನನಗೆ ಹೇಳಲಿಲ್ಲ. ಆ ಇನ್ನೊಂದು ಬೋಲ್ಟು ಹತ್ತೋ ಇಪ್ಪತ್ತೋ ರೂಪಾಯಿಯದು.

ಏನಾಗಿತ್ತು ಎಂಬುದನ್ನು ಭಾಯಿಜಾನ್ ಹಳೆಯ ಶಾಫ್ಟನ್ನು ನನ್ನ ಕೈಗಿಟ್ಟು ತೋರಿಸಿದರು. ಶಾಫ್ಟಿನ ತುದಿಯಲ್ಲಿ ಉದ್ದಕ್ಕೂ ಗೀರು ಗೀರಾಗಿ ಹಲ್ಲುಗಳಿರುತ್ತವೆ. ಅದಕ್ಕೆ ಸ್ಪ್ಲೈನ್ ಎನ್ನುತ್ತಾರೆ. ಸ್ಪ್ರಾಕೆಟ್ಟಿನ ನಡುವಿನ ತೂತಿನಲ್ಲೂ ಅದೇ ಅಳತೆಯ ಹಲ್ಲು. ಒಂದರೊಳಗೊಂದು ಕೂತಾಗ ಎಲ್ಲ ಹಲ್ಲುಗಳೂ ಭಾರ ಹಂಚಿಕೊಳ್ಳುತ್ತವೆ. ಕಿಕ್ ಲಿವರ್, ಗೇರ್ ಲಿವರ್ ಕೂತಿರುವುದೂ ಹೀಗೆಯೇ. ಬಿಗಿಯಾಗಿದ್ದರೆ ಹಲ್ಲಿಗೆ ಹಲ್ಲು ಒತ್ತಿಕೊಂಡಿರುತ್ತದೆ. ಕೂದಲೆಳೆಯಷ್ಟು ಸಡಿಲವಾದರೆ ಒತ್ತುವುದು ನಿಂತು ಬಡಿಯುವುದು ಶುರು. ಎಕ್ಸಲೇಟರ್ ಕೊಟ್ಟಾಗ ಈ ಕಡೆ, ಬಿಟ್ಟಾಗ ಆ ಕಡೆ. ಗಾಡಿ ಓಡುವಾಗ ಈ ಬಡಿತಕ್ಕೆ ಬಿಡುವೇ ಇಲ್ಲ. ಹೀಗೆ ಉಜ್ಜಿ ಬಡಿದು ಉದುರುವ ಉಕ್ಕಿನ ಅತಿ ಸಣ್ಣ ಕಣಗಳು ಗಾಳಿ ತಾಗಿ ಕೆಂಪಾಗುತ್ತವೆ. ಎಂಜಿನಿಯರುಗಳು ಫ್ರೆಟಿಂಗ್ ಎನ್ನುವುದು ಇದಕ್ಕೇ. ನಾನು ಒರೆಸಿದ ಪುಡಿ ಮಳೆಯಿಂದ ಬಂದ ತುಕ್ಕಲ್ಲ, ಶಾಫ್ಟೇ ಹಿಟ್ಟಾಗಿ ಬರುತ್ತಿತ್ತು.

ಬಿಗಿ ಮಾಡಿದ ಬೋಲ್ಟು ತಾನಾಗಿ ಯಾಕೆ ಬಿಚ್ಚುತ್ತದೆ? ಇದು ನನ್ನನ್ನು ಬಹಳ ದಿನ ಕಾಡಿತು. ಬೋಲ್ಟು ಅಂದರೆ ಮೊಳೆಯಲ್ಲ, ಒಂದು ಸ್ಪ್ರಿಂಗು. ಬಿಗಿ ಮಾಡಿದಾಗ ಅದು ಒಂದಿಷ್ಟೇ ಇಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುವ ಬಲವೇ ಎರಡು ಭಾಗಗಳನ್ನು ಹಿಡಿದಿಡುತ್ತದೆ. ಆ ಹಿಡಿತದಿಂದ ಘರ್ಷಣೆ, ಘರ್ಷಣೆಯಿಂದ ಬೋಲ್ಟು ತಿರುಗದೆ ನಿಲ್ಲುತ್ತದೆ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲಿ ಇದರ ಗುಟ್ಟನ್ನು ತೋರಿಸಿದರು. ಬೋಲ್ಟಿನ ಉದ್ದಕ್ಕೆ ಎಳೆದು ಬಿಟ್ಟರೆ ಅದು ಅಷ್ಟು ಬೇಗ ಸಡಿಲವಾಗುವುದಿಲ್ಲ. ಅದು ಹಿಡಿದಿರುವ ಎರಡು ತಟ್ಟೆಗಳು ಅಡ್ಡಡ್ಡ ಜಾರಿದರೆ ಮಾತ್ರ ಎಳೆಗಳ ಘರ್ಷಣೆ ಸೋತು, ಬೋಲ್ಟು ತಾನೇ ತಿರುಗಿ ಹೊರಬರುತ್ತದೆ. ಆ ಅಡ್ಡ ಅಲುಗಾಟದ ಪರೀಕ್ಷೆಗೆ ಇಂದಿಗೂ ಅವರದೇ ಹೆಸರಿದೆ. ಸ್ಪ್ರಿಂಗ್ ವಾಷರ್ ಹಾಕಿದರೆ ಸಾಕು ಎಂಬ ನಂಬಿಕೆ ಆ ಪರೀಕ್ಷೆಯ ಮುಂದೆ ನಿಲ್ಲುವುದಿಲ್ಲ. ಅಂದರೆ ಮೊದಲು ಸರಿಯಾದ ಬಿಗಿ ಇರಬೇಕು. ಬಿಗಿ ಇದ್ದರೆ ಜಾರುವುದಿಲ್ಲ, ಜಾರದಿದ್ದರೆ ಬಿಚ್ಚುವುದಿಲ್ಲ.

ನಮ್ಮ ಕಡೆ ಬಿಚ್ಚಲು ಇನ್ನೂ ಒಂದು ಕಾರಣವಿದೆ. ಅದು ಯುಂಕರ್‌ಗೆ ಗೊತ್ತಿರಲಿಕ್ಕಿಲ್ಲ: ಬಳ್ಳಾರಿ ಜಾಲಿ. ಹೊಲದ ಬದು, ಕಾಲುವೆ ದಂಡೆ, ರಸ್ತೆ ಪಕ್ಕ ಎಲ್ಲೆಲ್ಲೂ ಅದೇ. ಮುಳ್ಳು ಚುಚ್ಚಿತೆಂದರೆ ಪಂಕ್ಚರ್, ಹಿಂದಿನ ಗಾಲಿ ಪಂಕ್ಚರ್ ಅಂದರೆ ಅನೇಕ ಸಲ ಆಕ್ಸಲ್ ನಟ್ಟು ಬಿಚ್ಚುವುದು, ಚೈನು ಸಡಿಲಿಸುವುದು. ಸಂಜೆ ಹೊತ್ತು, ರಸ್ತೆ ಪಕ್ಕ, ಮೊಬೈಲ್ ಬೆಳಕಿನಲ್ಲಿ ಗಾಲಿ ಮತ್ತೆ ಕೂರಿಸುವಾಗ ಯಾವುದನ್ನು ಎಷ್ಟು ಬಿಗಿ ಮಾಡಿದರೋ ಯಾರಿಗೆ ಗೊತ್ತು? ಬ್ರೇಕಿನ ಟಾರ್ಕ್ ಆರ್ಮಿನ ನಟ್ಟಿಗೆ ಹಾಕಬೇಕಾದ ಕಾಟರ್ ಪಿನ್ ಎಷ್ಟೋ ಬೈಕುಗಳಲ್ಲಿ ಪಂಕ್ಚರ್ ಅಂಗಡಿಯ ನೆಲದಲ್ಲೇ ಉಳಿದುಹೋಗಿರುತ್ತದೆ. ಚೈನನ್ನು ಒಂದೊಂದು ಸಲ ತಂತಿಯಂತೆ ಎಳೆದು ಕಟ್ಟಿರುತ್ತಾರೆ. ಬಿಗಿಯಾದ ಚೈನು ನೋಡಲು ಚೆಂದ. ಆದರೆ ಮೂವರು ಕೂತಾಗ, ಗಂಟು ಹೇರಿದಾಗ, ಹಿಂದಿನ ಗಾಲಿ ಮೇಲೆದ್ದು ಚೈನು ಇನ್ನಷ್ಟು ಬಿಗಿಯುತ್ತದೆ. ಆಗ ಅದು ಔಟ್‌ಪುಟ್ ಶಾಫ್ಟನ್ನೇ ಹಿಂದಕ್ಕೆ ಜಗ್ಗುತ್ತದೆ. ಈ ತರಹದ ಬೈಕುಗಳಲ್ಲಿ ಕೆಳಗಿನ ಚೈನು ನಟ್ಟನಡುವೆ ಮೇಲೆ ಕೆಳಗೆ ಹೆಚ್ಚುಕಡಿಮೆ 25 ಮಿ.ಮೀ. ಆಡಬೇಕು, ಅಂದರೆ ಒಂದು ಇಂಚು. ನಿಮ್ಮ ಬೈಕಿನ ಪುಸ್ತಕದಲ್ಲಿ ಅದರದೇ ಅಳತೆ ಇರುತ್ತದೆ, ಅದನ್ನೇ ನಂಬಿ. ಗಾಲಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕು ಕಡೆ ನೋಡಬೇಕು, ಒಂದೇ ಕಡೆ ಅಲ್ಲ.

ಇನ್ನು ಬಿಗಿ ಮಾಡುವ ರೀತಿ. ನಮ್ಮಲ್ಲಿ ಎರಡೇ ಅಳತೆ: “ಕೈಯಾಗ ಬಿಗಿ” ಮತ್ತು “ಕಾಲಾಗ ಬಿಗಿ”. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಟಾರ್ಕ್ ಎಂದರೆ ಬಲ ಗುಣಿಸು ದೂರ ಎಂದು ಓದಿ, ಲೆಕ್ಕ ಬಿಡಿಸಿ, ಅಂಕ ತಗೊಂಡು ಮರೆತಿದ್ದೇವೆ. ಅದನ್ನೇ ಇಲ್ಲಿ ಹಾಕೋಣ. ಲಾಕ್ ಪ್ಲೇಟಿನಂಥ ಕಡೆ ಇರುವ 6 ಮಿ.ಮೀ. ಬೋಲ್ಟಿಗೆ, ಅಂದರೆ ಹತ್ತು ನಂಬರ್ ಪಾನಾ ಕೂರುವ ಬೋಲ್ಟಿಗೆ, ಸಾಮಾನ್ಯವಾಗಿ ಬೇಕಾದ ಟಾರ್ಕ್ 10 ನ್ಯೂಟನ್ ಮೀಟರ್. 8 ಮಿ.ಮೀ. ಬೋಲ್ಟಿಗೆ 22ರ ಆಸುಪಾಸು. ಪಾನಾ 10 ಸೆಂ.ಮೀ. ಇದ್ದರೆ 100 ನ್ಯೂಟನ್ ಬಲ ಸಾಕು, ಸುಮಾರು 10 ಕೆ.ಜಿ. ಅಕ್ಕಿ ಚೀಲ ಎತ್ತುವಷ್ಟು. ಈಗ 50 ಕೆ.ಜಿ. ತೂಕದ ಹುಡುಗ 20 ಸೆಂ.ಮೀ. ಪಾನಾದ ತುದಿಗೆ ಹತ್ತಿ ನಿಂತ ಎನ್ನಿ: 50 × 9.8 × 0.2, ಸುಮಾರು 98 ನ್ಯೂಟನ್ ಮೀಟರ್. ಬೇಕಾದ್ದಕ್ಕಿಂತ ಹತ್ತು ಪಟ್ಟು. ಅಬ್ಬಾನ ಬೈಕಿನ ಆ ಎಳೆ ಹಾಳಾಗಿದ್ದು ಇಂಥದ್ದೇ ಯಾರದೋ ಬಲಪ್ರದರ್ಶನದಿಂದ ಇರಬೇಕು. ಇನ್ನೊಂದು ಲೆಕ್ಕ ಕೇಳಿ ನನಗೆ ಆಶ್ಚರ್ಯವಾಯಿತು. ನಾವು ಪಾನಾದಿಂದ ಹಾಕುವ ಟಾರ್ಕಿನಲ್ಲಿ ಅರ್ಧದಷ್ಟು ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತದೆ, ಶೇ. 40ರಷ್ಟು ಎಳೆಗಳ ಘರ್ಷಣೆಗೆ. ನಿಜವಾಗಿ ಬೋಲ್ಟನ್ನು ಹಿಗ್ಗಿಸುವುದು ಉಳಿದ ಶೇ. 10ರಷ್ಟು ಮಾತ್ರ. ಹಾಗಾಗಿ ಎಳೆಯಲ್ಲಿ ಮರಳು ಕೂತಿದ್ದರೆ ಪಾನಾಕ್ಕೆ ಬಿಗಿ ಅನಿಸುತ್ತದೆ, ಬೋಲ್ಟು ಸಡಿಲವೇ ಇರುತ್ತದೆ. ಎಳೆಗೆ ಎಣ್ಣೆ ಹಾಕಿದ್ದರೆ ಅದೇ ಕೈಬಲಕ್ಕೆ ಬೋಲ್ಟು ಕಿತ್ತೇ ಬರಬಹುದು. ಒರೆಸಿ ಹಾಕುವುದು ಬಿಗಿ ಮಾಡುವಷ್ಟೇ ಮುಖ್ಯ.

ಹಳೆಯ ಬೋಲ್ಟುಗಳ ಡಬ್ಬಿಯಿಂದ ಸುಮಾರಾಗಿ ಹೊಂದುವುದನ್ನು ಹುಡುಕಿ ಹಾಕುವ ಅಭ್ಯಾಸ ನಮ್ಮೂರಿನದು ಮಾತ್ರ ಅಲ್ಲ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಕಾಕ್‌ಪಿಟ್ಟಿನ ಗಾಜು ಆಕಾಶದಲ್ಲೇ ಕಿತ್ತುಹೋಗಿ, ಕ್ಯಾಪ್ಟನ್ ಅರ್ಧ ದೇಹ ಹೊರಗೆ ಜೋತುಬಿದ್ದರು. ಒಳಗಿದ್ದವರು ಕಾಲು ಹಿಡಿದುಕೊಂಡರು, ವಿಮಾನ ಇಳಿಯಿತು, ಅವರು ಬದುಕಿದರು. ತನಿಖೆಯಲ್ಲಿ ಸಿಕ್ಕಿದ್ದು ಇಷ್ಟೇ: ಹೊಸದಾಗಿ ಹಾಕಿದ 90 ಬೋಲ್ಟುಗಳಲ್ಲಿ 84 ಬೇಕಾದ್ದಕ್ಕಿಂತ ಒಂದು ಮಿಲಿಮೀಟರ್‌ಗೂ ಕಡಿಮೆ ಅಂತರದಲ್ಲಿ ಸಪೂರ ಇದ್ದವು. ಹಳೆಯದರ ಪಕ್ಕ ಹಿಡಿದು ಕಣ್ಣಳತೆಯಲ್ಲಿ ಆರಿಸಿದ್ದರು. ಕಲಿತ ಕೈ, ದೊಡ್ಡ ಹ್ಯಾಂಗರ್, ಆದರೂ ಅದೇ ‘ನಡೀತದ’.

ಕಿಕ್ ಲಿವರಿನ ಕಥೆ ಹೇಳದೆ ಬಿಟ್ಟರೆ ಭಾಯಿಜಾನ್ ಬೇಜಾರಾಗುತ್ತಾರೆ, ಯಾಕೆಂದರೆ ಅವರಿಗೆ ಅತಿ ಸಿಟ್ಟು ತರಿಸುವುದು ಅದೇ. ಲಿವರಿನ ಬುಡದಲ್ಲಿ ಒಂದು ಸೀಳು ಇರುತ್ತದೆ, ಬೋಲ್ಟು ಬಿಗಿ ಮಾಡಿದಾಗ ಆ ಸೀಳು ಮುಚ್ಚಿಕೊಂಡು ಶಾಫ್ಟಿನ ಹಲ್ಲನ್ನು ಹಿಡಿಯುತ್ತದೆ. ಸಡಿಲವಿದ್ದಾಗಲೇ ತಿಂಗಳುಗಟ್ಟಲೆ ಒದ್ದರೆ ಮೊದಲು ಲಿವರಿನ ಹಲ್ಲು ಹೋಗುತ್ತದೆ. ಆಗಲೇ ಹೊಸ ಲಿವರ್ ಹಾಕಿದರೆ ಕೆಲಸ ಅಲ್ಲಿಗೆ ಮುಗಿಯಿತು. ಬೋಲ್ಟು ಪೂರ್ತಿ ಬಿಗಿದು ಸೀಳಿನ ಎರಡೂ ತುಟಿ ಒಂದಕ್ಕೊಂದು ತಾಗಿದ ಮೇಲೂ ಲಿವರ್ ಆಡುತ್ತಿದ್ದರೆ, ಇನ್ನು ಎಷ್ಟು ಬಿಗಿದರೂ ವ್ಯರ್ಥ, ಆ ಲಿವರ್ ಮುಗಿದಿದೆ ಎಂದೇ ಅರ್ಥ. ನಮ್ಮವರು ಅಲ್ಲಿ ತಗಡಿನ ಚೂರು ತುರುಕುತ್ತಾರೆ. ಅದೂ ಹೋದ ಮೇಲೆ ವೆಲ್ಡಿಂಗ್. ಲಿವರನ್ನು ಶಾಫ್ಟಿಗೇ ಬೆಸೆದುಬಿಟ್ಟರೆ ಅಲುಗಾಟವೇನೋ ನಿಲ್ಲುತ್ತದೆ. ಆ ಶಾಖಕ್ಕೆ ಒಳಗಿನ ಆಯಿಲ್ ಸೀಲ್ ಸುಡುತ್ತದೆ, ಎಣ್ಣೆ ಸೋರುತ್ತದೆ, ಸೀಲ್ ಬದಲಿಸೋಣವೆಂದರೆ ಲಿವರ್ ಬರುವುದಿಲ್ಲ. “ಬೆಸುಗೆ ಹಾಕಿದ್ದನ್ನ ಕೊಯ್ಯೋದು ನಂಗೆ ಬರ್ತದ, ಜೋಡಿಸೋದು ದೇವರಿಗೇ ಗೊತ್ತು” ಎನ್ನುತ್ತಾರೆ.

ಹಾಗಾದರೆ ನಾವು ನೋಡಬೇಕಾದ್ದೇನು? ಹೆಚ್ಚಿಲ್ಲ. ಗೇರ್ ಲಿವರ್, ಕಿಕ್ ಲಿವರ್ ಎರಡನ್ನೂ ಕೈಯಲ್ಲಿ ಆಡಿಸಿ ನೋಡುವುದು. ಕವರ್ ತೆಗೆದು ಮುಂದಿನ ಸ್ಪ್ರಾಕೆಟ್ಟಿನ ಎರಡೂ ಬೋಲ್ಟು ಇವೆಯೇ, ಕೆಂಪು ಪುಡಿ ಇದೆಯೇ ನೋಡುವುದು. ಇಲ್ಲೊಂದು ಮಾತು: ಎಷ್ಟೋ ಬೈಕುಗಳಲ್ಲಿ ಮುಂದಿನ ಸ್ಪ್ರಾಕೆಟ್ ಒಳಗೆ ಹೊರಗೆ ಚೂರು ಆಡುವಂತೆಯೇ ಮಾಡಿರುತ್ತಾರೆ, ಅದಕ್ಕೆ ಹೆದರಬೇಡಿ. ಶಾಫ್ಟು ನಿಂತಿರುವಾಗ ಅದು ಹಿಂದೆ ಮುಂದೆ ತಿರುಗಿದರೆ ಹೆದರಿ. ಹಿಂದಿನ ಸ್ಪ್ರಾಕೆಟ್ಟಿನ ನಟ್ಟುಗಳು, ಆಕ್ಸಲ್ ನಟ್ಟು, ಕಾಟರ್ ಪಿನ್. ಹಿಂದಿನ ಗಾಲಿಯೊಳಗೆ ಹಬ್ ರಬ್ಬರ್ ಎಂದಿರುತ್ತದೆ, ಪ್ರತಿ ಜಗ್ಗಿಗೂ ಮೆತ್ತನೆಯ ದಿಂಬು ಅದು. ಸವೆದರೆ ಏಟೆಲ್ಲ ನೇರ ಸ್ಪ್ಲೈನಿಗೆ. ಗಾಲಿ ಬಿಚ್ಚಿದಾಗ ಅದನ್ನೂ ನೋಡಿಸಿ. ಪದೇ ಪದೇ ಸಡಿಲವಾಗುವ ಸಣ್ಣ ಬೋಲ್ಟಿಗೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಸಾಕು, ಎಣ್ಣೆ ಒರೆಸಿ ಹಾಕಬೇಕು. ಕೆಂಪು ಬಣ್ಣದ್ದು ಬೇಡ, ಅದು ಬಿಸಿ ಮಾಡದೆ ಬಿಚ್ಚುವುದಿಲ್ಲ.

ನನ್ನದೇ ಒಂದು ಉಪಾಯ ಸೇರಿಸುತ್ತೇನೆ. ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಷ್‌ನಲ್ಲಿ ಒಂದು ಗೆರೆ ಎಳೆಯಿರಿ. ಬೋಲ್ಟು ತಿರುಗಿದರೆ ಗೆರೆ ಮುರಿಯುತ್ತದೆ, ದೂರದಿಂದಲೇ ಕಾಣುತ್ತದೆ. (ದೊಡ್ಡ ಕಾರ್ಖಾನೆಗಳಲ್ಲೂ ಹೀಗೇ ಬಣ್ಣ ಹಚ್ಚುತ್ತಾರೆ ಎಂದು ಆಮೇಲೆ ಗೊತ್ತಾಗಿ ಸ್ವಲ್ಪ ನಿರಾಸೆಯೂ ಆಯಿತು.) ಅಬ್ಬಾನ ಬೈಕಿನಲ್ಲಿ ಈಗ ಒಂಬತ್ತು ಕೆಂಪು ಗೆರೆಗಳಿವೆ. ಸಂತೆಯಲ್ಲಿ ಕೇಳಿದವರಿಗೆ “ಮಗಳು ಮದರಂಗಿ ಹಚ್ಯಾಳ” ಎನ್ನುತ್ತಾರಂತೆ.

ಕಾಲೇಜಿಗೂ ಇದಕ್ಕೂ ಏನು ಸಂಬಂಧ, ಸಿಇಟಿ ನೀಟ್ ಓದುವ ಹೊತ್ತಿನಲ್ಲಿ ಗ್ಯಾರೇಜು ಕೆಲಸ ಯಾಕೆ ಎಂದು ಕೇಳುವವರಿದ್ದಾರೆ. ಅವರ ಮಾತನ್ನು ನಾನು ಹಗುರಾಗಿ ತಗೊಳ್ಳುವುದಿಲ್ಲ. ದೇವದುರ್ಗದಿಂದ, ಮಾನ್ವಿಯಿಂದ ಇಲ್ಲಿಗೆ ಮಕ್ಕಳನ್ನು ಕಳಿಸುವವರು ಹಾಲಿ ಸಾಲದ ಮೇಲೆ ಫೀಸು ಕಟ್ಟಿರುತ್ತಾರೆ, ಒಂದೊಂದು ತಾಸಿಗೂ ಬೆಲೆ ಇದೆ. ಆದರೆ ನಾನು ಕೇಳುತ್ತಿರುವುದು ತಿಂಗಳಿಗೆ ಅರ್ಧ ತಾಸು. ಮತ್ತೆ, ಆ ಫೀಸು ದುಡಿದು ತರುವ ಬೈಕು ದಾರಿಯಲ್ಲಿ ನಿಂತರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆ ನೋಡಿದೆ. ಆ ತಿಂಗಳು ನನ್ನ ಟ್ಯೂಷನ್ ಬಿಡಿಸುವ ಮಾತು ಬಂದಿತ್ತು. ಅಮ್ಮಿ ಒಪ್ಪಲಿಲ್ಲ, ಅಷ್ಟೇ.

ಇನ್ನೊಂದು ಮಾತು ಹೇಳಲೇಬೇಕು, ಮೇಷ್ಟ್ರುಗಳು ಕ್ಷಮಿಸಬೇಕು. “ಓದದಿದ್ದರೆ ಗ್ಯಾರೇಜಿಗೆ ಹೋಗ್ತೀ ನೋಡು” ಎಂಬ ಬೈಗುಳ ನಮ್ಮ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಭಾಯಿಜಾನ್ ಎಸ್ಸೆಸ್ಸೆಲ್ಸಿ ಮುಗಿಸಿ ಗ್ಯಾರೇಜಿಗೇ ಹೋದವರು. ಟಾರ್ಕಿನ ಸೂತ್ರ ಅವರಿಗೆ ಗೊತ್ತಿಲ್ಲ, ಎಳೆ ಕಿತ್ತು ಬರುವ ಮುಂಚಿನ ಆ ಮೆತ್ತಗಾಗುವ ಕ್ಷಣ ಅವರ ಮಣಿಕಟ್ಟಿಗೆ ಗೊತ್ತು. ನನಗೆ ಸೂತ್ರ ಗೊತ್ತಿತ್ತು, ಖಾಲಿ ತೂತು ಕಂಡರೂ ಗೊತ್ತಾಗಲಿಲ್ಲ. ಒಂದು ದಿನ ಅವರಂಥ ಒಬ್ಬ ಮಿಸ್ತ್ರಿಯನ್ನು ಕಾಲೇಜಿಗೆ ಕರೆಸಿ, ವೇದಿಕೆಯ ಮೇಲಲ್ಲ, ಸ್ಟ್ಯಾಂಡಿನಲ್ಲಿ, ಪಾಠ ಹೇಳಿಸಿದರೆ ಹೇಗೆ? ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಒಂದು ಸಣ್ಣ ಟಾರ್ಕ್ ರೆಂಚ್ ಕೊಂಡರೆ ಇನ್ನೂ ಒಳ್ಳೆಯದು. ಸೂತ್ರದ 10 ನ್ಯೂಟನ್ ಮೀಟರ್ ಕೈಗೆ ಹೇಗನಿಸುತ್ತದೆ ಎಂಬುದು ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ. ಗ್ಯಾರೇಜಿನವರ ಹೊಟ್ಟೆಗೆ ಹೊಡೆದ ಹಾಗಾಗುತ್ತದೆಯೇ ಎಂದು ಭಾಯಿಜಾನರನ್ನೇ ಕೇಳಿದೆ. “ಸಡಿಲ ಬೋಲ್ಟ್ ನೋಡಿ ಮೊದಲೇ ತಂದ್ರ ಒಂದು ತಾಸಿನ ಕೆಲಸ, ದುಡ್ಡು ಕೈಮ್ಯಾಲ. ಎಂಜಿನ್ ಒಡೆದ ಗಿರಾಕಿ ಆರು ತಿಂಗಳು ಉದ್ರಿ ಹೇಳ್ತಾನ” ಅಂದರು.

ಪ್ರಾಂಶುಪಾಲರಿಗೆ ಈ ಬಗ್ಗೆ ಅರ್ಜಿ ಕೊಟ್ಟಿದ್ದೇವೆ, ದ್ವಿತೀಯ ಪಿಯುಸಿ ವಿಜ್ಞಾನದ ಹನ್ನೊಂದು ಹುಡುಗಿಯರು ಮತ್ತು ನಾಲ್ವರು ಹುಡುಗರ ಸಹಿ ಇದೆ. ಒಪ್ಪಿಗೆ ಬಂದರೆ ಮುಂದಿನ ತಿಂಗಳ ಮೊದಲ ಶನಿವಾರ, ಮೊದಲ ಗಂಟೆಗೆ ಅರ್ಧ ತಾಸು ಮುಂಚೆ ಸ್ಟ್ಯಾಂಡಿನಲ್ಲಿ ಇರುತ್ತೇವೆ. ಹತ್ತು ಮತ್ತು ಹನ್ನೆರಡು ನಂಬರ್ ರಿಂಗ್ ಪಾನಾ, ಹಳೆ ಬಟ್ಟೆ, ನೇಲ್ ಪಾಲಿಷ್ ನಾನು ತರುತ್ತೇನೆ. ಮೊದಲು ನಮ್ಮ ಭೌತಶಾಸ್ತ್ರದ ಸರ್ ಅವರ ಬೈಕು ನೋಡೋಣ. ಅವರು ಕಿಕ್ ಹೊಡೆಯುವಾಗ ಬರುವ ಟಿಕ್ ಸದ್ದು ಎರಡನೇ ಮಹಡಿಯವರೆಗೆ ಕೇಳಿಸುತ್ತದೆ.